ಮಿತೌಷಧ ಸಮಗ್ರ ಮನಶ್ಚಿಕಿತ್ಸೆ

ಮನೋವ್ಯಾಧಿಗೆ ಗುರಿಯಾದವರನ್ನು ಕೆಟ್ಟುಹೋದ ಒಂದು ಅಂಗದ ಮೂಲಕವಷ್ಟೇ ನೋಡದೆ, ದೇಹ, ನಿದ್ರೆ, ಆಹಾರ, ಉದ್ಯೋಗ, ಬಂಧುಬಳಗ, ಪೂರ್ವಾನುಭವ, ನಂಬಿಕೆ ಇವೆಲ್ಲವೂ ಹೆಣೆದುಕೊಂಡಿರುವ ಪೂರ್ಣ ವ್ಯಕ್ತಿಗಳೆಂದು ಭಾವಿಸಿ, ಅವರ ಚೇತರಿಕೆಗೆ ಮನುಷ್ಯಸಹವಾಸ, ನೆಮ್ಮದಿಯ ಪರಿಸರ, ಸಂವಾದ, ಕಾಯಕ ಮೊದಲಾದ ಸಾಧನಗಳನ್ನು ಮುಂದಿಟ್ಟುಕೊಂಡು, ಅವು ಸಾಲದೆ ಬಂದಾಗ, ಇಲ್ಲವೆ ಪ್ರಾಣಾಪಾಯವು ತಡಮಾಡಲು ಎಡೆಗೊಡದಿದ್ದಾಗ, ಕಾರ್ಯಸಾಧಕವಾದ ಅತ್ಯಲ್ಪ ಪ್ರಮಾಣದಲ್ಲಿ, ಅಗತ್ಯವಿದ್ದಷ್ಟು ಕಾಲ ಮಾತ್ರ ಔಷಧವನ್ನು ಬಳಸುವ ಚಿಕಿತ್ಸಾಕ್ರಮ.

ಔಷಧವನ್ನು ಸಾರಾಸಗಟಾಗಿ ನಿಷೇಧಿಸುವ ಪಂಥಗಳಿಗೂ ಇದಕ್ಕೂ ಅಂತರವುಂಟು. ಈ ಕ್ರಮದಲ್ಲಿ ಔಷಧಕ್ಕೆ ಸ್ಥಾನವಿದೆ. ಆದರೆ ಅದು ಮೊದಲನೆಯ ಸ್ಥಾನವೂ ಅಲ್ಲ, ಏಕೈಕ ಸ್ಥಾನವೂ ಅಲ್ಲ. ಇದರ ಎರಡು ಶತಮಾನಗಳ ಚರಿತ್ರೆಯನ್ನು ತಾಳ್ಮೆಯಿಂದ ಪರಿಶೀಲಿಸಿದವರಿಗೆ ಎಲ್ಲೆಡೆಯೂ ಒಂದೇ ಸಂಗತಿ ಎದುರಾಗುತ್ತದೆ: ಔಷಧವು ಎಷ್ಟರಮಟ್ಟಿಗೆ ಕಡಮೆಯಾಯಿತೋ ಅಷ್ಟರಮಟ್ಟಿಗೆ ರೋಗಿಯ ಬಳಿ ಕುಳಿತುಕೊಳ್ಳುವ ಮನುಷ್ಯರು ಹೆಚ್ಚಾಗಬೇಕಾಯಿತು; ಅವರು ದೊರೆತೆಡೆ ಕ್ರಮವು ಫಲಿಸಿತು, ದೊರೆಯದೆಡೆ ಅದು ಬರಿಯ ಉಪೇಕ್ಷೆಯಾಗಿ ಪರಿಣಮಿಸಿತು. ಆದುದರಿಂದ ಇದನ್ನು ಖರ್ಚು ಉಳಿಸುವ ಉಪಾಯವೆಂದು ಬಗೆಯುವವರು ಇದರ ಮೂಲತತ್ತ್ವವನ್ನೇ ಅರಿಯದವರೆಂದು ಹೇಳಬೇಕಾಗುತ್ತದೆ.

ಈ ವಿಚಾರಧಾರೆಯ ಆಧುನಿಕ ಆರಂಭವನ್ನು ಸಾಮಾನ್ಯವಾಗಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಗುರುತಿಸುತ್ತಾರೆ. ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ 1790ರಲ್ಲಿ ಕ್ವೇಕರ್ ಪಂಥದ ಹೆಂಗಸೊಬ್ಬಳು, ನೋಡಬಂದ ಸ್ನೇಹಿತರಿಗೆ ಪ್ರವೇಶವಿಲ್ಲದೆ, ಯಾರ ಕಣ್ಣಿಗೂ ಬೀಳದೆ ತೀರಿಕೊಂಡಳು. ಆ ಸಾವಿನಿಂದ ಕಲಕಿಹೋದ ಅದೇ ಪಂಥದ ಚಹಾ ವರ್ತಕ ವಿಲಿಯಂ ಟ್ಯೂಕ್ ಹಣ ಕೂಡಿಸಿ, 1796ರಲ್ಲಿ ಊರ ಹೊರಗಿನ ದಿಣ್ಣೆಯ ಮೇಲೆ ‘ರಿಟ್ರೀಟ್’ ಎಂಬ ವಿಶ್ರಾಂತಿಧಾಮವನ್ನು ತೆರೆದನು. ಕಿಟಕಿಗಳ ಕಬ್ಬಿಣದ ಚೌಕಟ್ಟುಗಳು ಮರದವುಗಳಂತೆ ತೋರುವ ಹಾಗೆ ಮಾಡಿಸಲಾಗಿತ್ತು. ಅಂಗಳದಲ್ಲಿ ರೋಗಿಗಳು ನೋಡಿಕೊಳ್ಳುವುದಕ್ಕೆಂದು ಮೊಲಗಳೂ ಕೋಳಿಗಳೂ ಕಡಲಹಕ್ಕಿಗಳೂ ಇದ್ದುವು. ಅಲ್ಲಿಗೆ ಬರುತ್ತಿದ್ದ ವೈದ್ಯ ಥಾಮಸ್ ಫೌಲರ್ ಪಾಷಾಣದ ದ್ರಾವಣವೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಔಷಧತಜ್ಞ. ಆತನು ಆ ಕಾಲದ ವೈದ್ಯಶಾಸ್ತ್ರದ ಸಲಹೆಯಂತೆ ರಕ್ತ ತೆಗೆಯುವುದು, ಬೊಕ್ಕೆ ಬರಿಸುವುದು, ಭೇದಿಗೆ ಕೊಡುವುದು ಮುಂತಾದ ಎಲ್ಲವನ್ನೂ ಪರೀಕ್ಷಿಸಿ, ವಿಷಣ್ಣರಾದವರಿಗೆ ಬಿಸಿನೀರಿನ ಸ್ನಾನವೊಂದನ್ನು ಬಿಟ್ಟರೆ ಉಳಿದುವುಗಳಿಂದ ಹೇಳಿಕೊಳ್ಳುವಂಥ ಗುಣವಿಲ್ಲವೆಂಬ ನಿರ್ಣಯಕ್ಕೆ ಬಂದನು. ಉನ್ಮಾದದಿಂದ ರಾತ್ರಿಯಿಡೀ ಎಚ್ಚರವಾಗಿರುತ್ತಿದ್ದವರಿಗೆ ಅಫೀಮಿಗೆ ಬದಲಾಗಿ ಮಾಂಸವನ್ನೋ ಗಿಣ್ಣು ರೊಟ್ಟಿಯನ್ನೋ ಪೋರ್ಟರ್ ಎಂಬ ಕಪ್ಪು ಬಿಯರಿನೊಡನೆ ಹೊಟ್ಟೆತುಂಬ ಬಡಿಸಿದರೆ ನಿದ್ರೆ ಬರುವುದೆಂಬುದನ್ನು ಅಲ್ಲಿನವರು ಕಂಡುಕೊಂಡರು. ಹಸಿದ ಹೊಟ್ಟೆಯಲ್ಲಿ ಉನ್ಮಾದವನ್ನು ಆರಿಸಬಹುದೆಂದು ಆಹಾರವನ್ನೇ ಕಡಿತಗೊಳಿಸುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಸ್ಥಾಪಕನ ಮೊಮ್ಮಗ ಸ್ಯಾಮ್ಯುಎಲ್ ಟ್ಯೂಕ್ 1813ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಮಾರು ಮೂವತ್ತನಾಲ್ಕು ವರ್ಷದ ಭೀಮಕಾಯನೊಬ್ಬನ ವೃತ್ತಾಂತವಿದೆ. ಅವನನ್ನು ಎಷ್ಟು ಎಡೆಬಿಡದೆ ಸಂಕೋಲೆಯಲ್ಲಿಟ್ಟಿದ್ದರೆಂದರೆ, ಕೈಕೋಳ ಕಳಚದೆಯೇ ತೊಡಿಸಿ ಬಿಚ್ಚಲು ಅನುಕೂಲವಾಗುವಂತೆ ಅವನ ಉಡುಪಿಗೆ ದಾರಗಳನ್ನು ಕಟ್ಟಿದ್ದರು. ರಿಟ್ರೀಟಿನ ಹೊಸ್ತಿಲು ದಾಟಿದೊಡನೆ ಸಂಕೋಲೆಗಳನ್ನು ಬಿಡಿಸಿ, ಮೇಲ್ವಿಚಾರಕರು ರಾತ್ರಿಯ ಊಟಕ್ಕೆ ಕುಳಿತಿದ್ದ ಕೋಣೆಗೇ ಅವನನ್ನು ಕರೆದೊಯ್ದರು. ಅವನು ಶಾಂತನಾದನು, ನಡುವೆ ಕೆರಳಿದ ದಿನಗಳಲ್ಲಿ ಮೇಲ್ವಿಚಾರಕನು ಅವನ ಪಕ್ಕದಲ್ಲಿ ಕುಳಿತು ಮಾತನಾಡುತ್ತಿದ್ದನು, ಸುಮಾರು ನಾಲ್ಕು ತಿಂಗಳಲ್ಲಿ ಗುಣಹೊಂದಿ ಹಿಂದಿರುಗಿದನು. ಇಂಥ ನಡವಳಿಕೆಗೆ ‘ನೈತಿಕ ಚಿಕಿತ್ಸೆ’ ಎಂಬ ಹೆಸರು ಬಂದಿತು. ರಿಟ್ರೀಟ್ ತೆರೆದ 1790ರ ದಶಕದಲ್ಲಿಯೇ ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಝಾನ್ ಬಾಪ್ತಿಸ್ತ್ ಪ್ಯೂಸೆನ್ ಎಂಬ ಮೇಲಾಳೂ, ಸಾಲ್ಪೆತ್ರಿಯೇರಿನಲ್ಲಿ ವೈದ್ಯ ಫಿಲಿಪ್ ಪಿನೆಲನೂ ಇದೇ ದಾರಿಯನ್ನು ಹಿಡಿದಿದ್ದರು. ಸಂಕೋಲೆಗೆ ಬದಲು ನಾಚಿಕೆ, ಭಯಗಳಿಂದ ರೋಗಿಯನ್ನು ಒಳಗಿನಿಂದಲೇ ಕಟ್ಟಿಹಾಕುವ ಕ್ರಮವಿದೆಂದು ಫ್ರೆಂಚ್ ಚಿಂತಕ ಮಿಶೆಲ್ ಫೂಕೋ 1961ರಲ್ಲಿ ತೀಕ್ಷ್ಣವಾಗಿ ಆಕ್ಷೇಪಿಸಿದ್ದಾನೆ; ಆ ಆಕ್ಷೇಪದಲ್ಲಿ ಸತ್ಯಾಂಶವಿದೆಯಾದರೂ, ಕಬ್ಬಿಣವನ್ನು ಕೈಯಲ್ಲಿ ಧರಿಸಿದ್ದವನ ಕಡೆಯಿಂದ ನೋಡಿದಾಗ ಎರಡೂ ಒಂದೇ ಎಂದು ಹೇಳುವುದು ನ್ಯಾಯವಾಗಲಾರದು. ಮೂವತ್ತು ಜನರ ಮನೆಯಲ್ಲಿ ಫಲಿಸಿದ ಈ ಕ್ರಮವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದಾಚೆಗೆ ಸಾವಿರಾರು ಜನರನ್ನು ತುಂಬಿದ ಬೃಹತ್ ಆಲಯಗಳಲ್ಲಿ ಕ್ರಮೇಣ ಕ್ಷೀಣಿಸಿತು.

ಬೆಲ್ಜಿಯಂ ದೇಶದ ಖೇಲ್ ಎಂಬ ಊರಿನ ಪದ್ಧತಿ ಇದಕ್ಕಿಂತಲೂ ಪ್ರಾಚೀನವಾದುದು. ಸಂತ ಡಿಂಫ್ನಾಳ ಗುಡಿಗೆ ಹರಕೆ ಹೊತ್ತು ಬಂದ ಮನೋರೋಗಿಗಳನ್ನು ಮಧ್ಯಯುಗದಿಂದಲೂ ಊರವರು ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತ ಬಂದಿದ್ದಾರೆ. 1930ರ ದಶಕದ ಕೊನೆಯ ವೇಳೆಗೆ ಇಂಥ ವಸತಿದಾರರ ಸಂಖ್ಯೆ 3,700ರ ಆಸುಪಾಸಿನಲ್ಲಿತ್ತು. ಅವರು ಮನೆಯವರೊಡನೆ ಉಂಡು, ಹೊಲದಲ್ಲಿ ದುಡಿದು, ಆ ಮನೆಯ ಮಕ್ಕಳನ್ನು ಎತ್ತಿ ಆಡಿಸಿ ಬಾಳಿದರು. ಎಷ್ಟೋ ಮನೆಗಳಲ್ಲಿ ತಂದೆತಾಯಿಗಳು ಗತಿಸಿದ ಮೇಲೆ ಮಕ್ಕಳು ಆಸ್ತಿಯ ಜೊತೆಗೆ ವಸತಿದಾರನ ಯೋಗಕ್ಷೇಮವನ್ನೂ ವಹಿಸಿಕೊಂಡರು.

ಇಪ್ಪತ್ತನೆಯ ಶತಮಾನದ ನಡುವೆ ಔಷಧಯುಗವು ಕಾಲಿಟ್ಟಿತು. ಅದರ ಮುನ್ನುಡಿಯಲ್ಲಿ ನಮ್ಮ ದೇಶದ ಪಾಲೂ ಇದೆ: ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಸರ್ಪಗಂಧಿಯ ಬೇರು ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ವರದಿ ಮಾಡಿದರು; ಅದರ ಸಾರವಾದ ರಿಸರ್ಪಿನ್ 1952ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಬೇರ್ಪಟ್ಟಿತು. ಅದೇ ವರ್ಷ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಝಾನ್ ದೆಲೇ, ಪಿಯೆರ್ ದೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನನ್ನು ಪ್ರಯೋಗಿಸಿದರು. ಬಾಗಿಲು ಮುಚ್ಚಿದ ಕೊಠಡಿಗಳಲ್ಲಿ ಹತ್ತಾರು ವರ್ಷ ಕಳೆದಿದ್ದ ಸಹಸ್ರಾರು ಜನರು ಮನೆಗೆ ಹಿಂದಿರುಗುವಂತಾದುದು ಈ ಔಷಧಗಳ ಉಪಕಾರವೆಂಬುದನ್ನು ಮರೆಯುವವರು ಚರಿತ್ರೆಗೆ ದ್ರೋಹಮಾಡಿದಂತೆ. ಆದರೆ ಅವುಗಳ ಬೆಲೆಯೂ ಕ್ರಮೇಣ ತಿಳಿದುಬಂದಿತು: ಕೈಕಾಲುಗಳ ಬಿಗಿತ, ಒಂದೆಡೆ ಕುಳಿತಿರಲಾಗದ ಚಡಪಡಿಕೆ, ವರ್ಷಗಳ ಸೇವನೆಯ ನಂತರ ತುಟಿ ನಾಲಗೆಗಳು ತಾವಾಗಿ ಅಲುಗಾಡುವ, ಕೆಲವರಲ್ಲಿ ಎಂದಿಗೂ ನಿಲ್ಲದ ವಿಕಾರ, ಹೊಸ ಔಷಧಗಳಲ್ಲಿ ಮೈತೂಕ ಮತ್ತು ಸಕ್ಕರೆ ಕಾಯಿಲೆ, ಎಲ್ಲಕ್ಕೂ ಮಿಗಿಲಾಗಿ ಅನೇಕರು ದುಃಖದಿಂದ ಹೇಳಿಕೊಳ್ಳುವ, ಸುಖವೂ ತಾಗದ ಒಂದು ಬಗೆಯ ಜಡತೆ. ಮಿದುಳಿನಲ್ಲಿ ಡೋಪಮೀನಿನ ಗ್ರಾಹಿಗಳ ಸುಮಾರು ಶೇಕಡ 65ರಷ್ಟನ್ನು ಔಷಧವು ಆವರಿಸಿದರೆ ಗುಣವು ಕಾಣುವುದೆಂದೂ, ಶೇಕಡ 78ನ್ನು ಮೀರಿದರೆ ಗುಣವು ಹೆಚ್ಚದೆ ಬಿಗಿತ ನಡುಕಗಳೇ ಹೆಚ್ಚುವುವೆಂದೂ 2000ದಲ್ಲಿ ಶಿತಿಜ್ ಕಪೂರ್ ಮತ್ತು ಸಂಗಡಿಗರು ತೋರಿಸಿದರು. ‘ಹೆಚ್ಚು ಕೊಟ್ಟರೆ ಹೆಚ್ಚು ವಾಸಿ’ ಎಂಬ ನಂಬಿಕೆಯಿಂದ ದಶಕಗಳ ಕಾಲ ಕೊಟ್ಟ ಭಾರೀ ಪ್ರಮಾಣಗಳು ಎಷ್ಟರಮಟ್ಟಿಗೆ ವ್ಯರ್ಥವಾಗಿದ್ದುವೆಂಬುದು ಇದರಿಂದ ವಿಶದವಾಗುತ್ತದೆ.

ಔಷಧಯುಗದ ಉಚ್ಛ್ರಾಯದಲ್ಲಿಯೇ ಅದರ ಅನಿವಾರ್ಯತೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಹೊರಟವನು ಲೋರೆನ್ ಮೋಶರ್. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸ್ಕಿಜೋಫ್ರೇನಿಯ ಅಧ್ಯಯನ ಕೇಂದ್ರದ ಮುಖ್ಯಸ್ಥನಾಗಿದ್ದ ಆತನು, ಲಂಡನ್ನಿನ ಕಿಂಗ್ಸ್‌ಲಿ ಹಾಲಿನಲ್ಲಿ ಮನೋವೈದ್ಯ ಆರ್. ಡಿ. ಲೈಂಗ್ ನಡೆಸಿದ, ರೋಗಿಗಳೂ ಸಹಾಯಕರೂ ಕೂಡಿ ಬಾಳುವ ಪ್ರಯೋಗವನ್ನು ಕಣ್ಣಾರೆ ಕಂಡು, ಅದರ ಅವ್ಯವಸ್ಥೆಯನ್ನು ಬಿಟ್ಟು ಸಹೃದಯತೆಯನ್ನು ಮಾತ್ರ ಸ್ವೀಕರಿಸಿ, 1971ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದ ಹಳೆಯದೊಂದು ಹನ್ನೆರಡು ಕೋಣೆಗಳ ಮನೆಯಲ್ಲಿ ‘ಸೊಟೀರಿಯ’ವನ್ನು ಆರಂಭಿಸಿದನು. ಏಕಕಾಲಕ್ಕೆ ಆರು ಜನಕ್ಕೆ ಅಲ್ಲಿ ಸ್ಥಳವಿತ್ತು; ಎಲ್ಲರೂ ಈ ಕಾಯಿಲೆಗೆ ಮೊದಲನೆಯ ಅಥವಾ ಎರಡನೆಯ ಸಲ ಸಿಕ್ಕಿದ ತರುಣ ತರುಣಿಯರು. ಬಾಗಿಲಿಗೆ ಬೀಗವಿಲ್ಲ, ಸಮವಸ್ತ್ರವಿಲ್ಲ, ಗಂಟೆ ಹೊಡೆದು ಮಾತ್ರೆ ಹಂಚುವ ಕ್ರಮವಿಲ್ಲ. ಅಡಿಗೆ, ಕಸಗುಡಿಸುವಿಕೆ, ಸಂತೆಗೆ ಹೋಗಿಬರುವುದು ಎಲ್ಲವೂ ಕೂಡಿ ಮಾಡುವ ಕೆಲಸಗಳು. ಸಹಾಯಕರು ವೈದ್ಯರೂ ಅಲ್ಲ, ದಾದಿಯರೂ ಅಲ್ಲ. ಇನ್ನೊಬ್ಬರ ತಳಮಳವನ್ನು ಕಂಡು ತಾವು ತಳಮಳಿಸದವರೆಂಬ ಗುಣಕ್ಕಾಗಿಯೇ ಆರಿಸಿದವರು. ಇಪ್ಪತ್ತನಾಲ್ಕೋ ನಲವತ್ತೆಂಟೋ ಗಂಟೆಗಳ ದೀರ್ಘ ಸರದಿಯಲ್ಲಿ ಅವರು ಅಲ್ಲಿಯೇ ಇರುತ್ತಿದ್ದುದರಿಂದ, ರೋಗಿಯ ಉದ್ವೇಗವು ಏರಿ ಇಳಿಯುವ ಪೂರ್ಣ ಆವರ್ತವನ್ನು ಒಬ್ಬನೇ ವ್ಯಕ್ತಿ ಬಳಿಯಲ್ಲಿದ್ದು ನೋಡುವುದು ಸಾಧ್ಯವಾಗುತ್ತಿತ್ತು. ಅವರಿಗಿದ್ದ ಉಪದೇಶವೊಂದೇ: ಏನನ್ನಾದರೂ ಮಾಡಬೇಕೆಂಬ ಆತುರವಿಲ್ಲದೆ ಜೊತೆಯಲ್ಲಿರುವುದು. ಮೊದಲ ಆರು ವಾರ ಸಾಮಾನ್ಯವಾಗಿ ಮನೋವಿಕೃತಿಯ ಔಷಧವನ್ನು ಕೊಡುತ್ತಿರಲಿಲ್ಲ. ಆಮೇಲೂ ಬದಲಾವಣೆ ಕಾಣದಿದ್ದರೆ, ಅಪಾಯವಿದ್ದರೆ ಮೊದಲೇ, ಕೊಡುವುದುಂಟು.

ಆಸ್ಪತ್ರೆಯಲ್ಲಿ ಔಷಧಸಹಿತ ಚಿಕಿತ್ಸೆ ಪಡೆದವರೊಡನೆ ಹೋಲಿಸಿದಾಗ ಆರು ವಾರಗಳ ಕೊನೆಯಲ್ಲಿ ಎರಡು ಗುಂಪುಗಳ ಸುಧಾರಣೆಯೂ ಸರಿಸಮವಾಗಿತ್ತು. ಎರಡು ವರ್ಷಗಳ ಫಲಿತಾಂಶವನ್ನು ಜಾನ್ ಬೋಲಾ ಮತ್ತು ಮೋಶರ್ 2003ರಲ್ಲಿ ಮತ್ತೆ ಲೆಕ್ಕಹಾಕಿ, ಸೊಟೀರಿಯದವರ ಸ್ಥಿತಿ ಉತ್ತಮವೆಂದೂ, ಅವರಲ್ಲಿ ಶೇಕಡ 43ರಷ್ಟು ಜನ ಆ ಅವಧಿಯಲ್ಲಿ ಈ ಬಗೆಯ ಔಷಧವನ್ನೇ ಮುಟ್ಟಲಿಲ್ಲವೆಂದೂ ತಿಳಿಸಿದರು. ಇಷ್ಟಿದ್ದರೂ ಹಣಕಾಸಿನ ಬೆಂಬಲ ನಿಂತುಹೋಗಿ ಮನೆಯು 1983ರಲ್ಲಿ ಮುಚ್ಚಿತು. ಮರುವರ್ಷವೇ ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಲುಕ್ ಚಿಯೊಂಪಿ ಅದೇ ಹೆಸರಿನ ಮನೆಯನ್ನು ತೆರೆದನು. ಅಲ್ಲಿ ಹಾಸಿಗೆ, ದಿಂಬುಗಳ ಹೊರತು ಬೇರೇನೂ ಇಲ್ಲದ ‘ಮೆತ್ತನೆಯ ಕೋಣೆ’ಯಲ್ಲಿ ತೀವ್ರಾವಸ್ಥೆಯ ರೋಗಿಯೂ ಸಹಾಯಕನೊಬ್ಬನೂ ಹಗಲಿರುಳು ಕೂಡಿ ಇರುತ್ತಾರೆ, ಔಷಧವನ್ನು ಅಲ್ಪಪ್ರಮಾಣದಲ್ಲಿ ಕೊಡುತ್ತಾರೆ. ಜರ್ಮನಿಯ ಕೆಲವು ನಗರಗಳಲ್ಲಿಯೂ 2016ರಿಂದ ಜೆರುಸಲೇಮಿನಲ್ಲಿಯೂ ಇದರ ಸಂತತಿ ಬೆಳೆದಿದೆ. 2008ರಲ್ಲಿ ನಡೆದ ಸಮೀಕ್ಷೆಯೊಂದು ಮೂರು ಪ್ರಯೋಗಗಳ 223 ಜನರನ್ನು ಕುರಿತು, ಈ ಕ್ರಮವು ರೂಢಿಯ ಚಿಕಿತ್ಸೆಗೆ ಕಡಮೆಯದಲ್ಲವೆಂದು ಹೇಳಿತು. ಅಷ್ಟು ಸಣ್ಣ ಸಂಖ್ಯೆಯ ಮೇಲೆ ದೊಡ್ಡ ಸೌಧವನ್ನು ಕಟ್ಟಲಾಗದು. ಆದರೆ ಅದನ್ನು ಅಲಕ್ಷಿಸುವುದೂ ಸಲ್ಲದು.

ಫಿನ್ಲೆಂಡಿನ ಪಶ್ಚಿಮ ಲ್ಯಾಪ್ಲೆಂಡ್ ಪ್ರಾಂತವು ಈ ವಿಷಯದಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಚರ್ಚಿತವಾಗುವ ಪ್ರದೇಶ. ಟುರ್ಕುವಿನ ಪ್ರಾಧ್ಯಾಪಕ ಉರ್ಯೊ ಅಲಾನೆನ್ ರೂಪಿಸಿದ ಅಗತ್ಯಾನುಸಾರ ಚಿಕಿತ್ಸೆಯ ತತ್ತ್ವವನ್ನು ಆಧರಿಸಿ, ಟೋರ್ನಿಯೋ ಊರಿನ ಕೆರೊಪುಡಾಸ್ ಆಸ್ಪತ್ರೆಯಲ್ಲಿ 1984ರಿಂದ ಒಂದು ನಿಯಮವು ಜಾರಿಗೆ ಬಂದಿತು: ರೋಗಿಯ ಬಗ್ಗೆ ರೋಗಿಯಿಲ್ಲದೆಡೆಯಲ್ಲಿ ಸಿಬ್ಬಂದಿ ಮಾತನಾಡಕೂಡದು. ಯಾಕೊ ಸೆಯ್ಕುಲ, ಬಿರ್ಗಿತ್ತ ಅಲಕರೆ ಮೊದಲಾದವರು ಬೆಳೆಸಿದ ಈ ಕ್ರಮಕ್ಕೆ ‘ಮುಕ್ತ ಸಂವಾದ’ವೆಂದು ಹೆಸರು. ದೂರವಾಣಿಯಲ್ಲಿ ಕರೆ ಬಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಎರಡು ಮೂರು ಜನರ ತಂಡವು, ಮನೆಯವರು ಒಪ್ಪಿದರೆ ಅವರ ಮನೆಗೇ ಹೋಗಿ, ತಂದೆತಾಯಿ, ಒಡಹುಟ್ಟಿದವರು, ಬೇಕಾದರೆ ನೆರೆಯವರು ಅಥವಾ ಕೆಲಸದ ಯಜಮಾನ ಇವರೆಲ್ಲರೊಡನೆ ರೋಗಿಯನ್ನೂ ಕೂರಿಸಿಕೊಂಡು ಸಭೆ ನಡೆಸುತ್ತದೆ. ಎಲ್ಲರಿಗೂ ಮಾತಿನ ಸರದಿ ಸಿಕ್ಕುತ್ತದೆ. ರೋಗಿಯ ಮಾತು ಅಸಂಬದ್ಧವೆಂದು ತೋರಿದರೂ ಅದನ್ನು ತಿದ್ದುವುದಿಲ್ಲ, ಅದು ಯಾವಾಗ ಆರಂಭವಾಯಿತೆಂದೋ ಅದರ ಅನುಭವ ಹೇಗಿದೆಯೆಂದೋ ಕೇಳುತ್ತಾರೆ. ನಡುವೆ ವೈದ್ಯರು ಮನೆಯವರ ಎದುರಿನಲ್ಲಿಯೇ ಒಬ್ಬರೊಬ್ಬರ ಕಡೆ ತಿರುಗಿ, ತಮಗೆ ತೋಚಿದುದನ್ನೂ ತಮ್ಮ ಸಂದೇಹವನ್ನೂ ಹೇಳಿಕೊಳ್ಳುತ್ತಾರೆ. ಮನೆಯವರು ಅದನ್ನು ಕೇಳಿ ಸರಿಯೆನ್ನಬಹುದು, ಅಲ್ಲಗಳೆಯಬಹುದು. ಮೊದಲ ದಿನಗಳಲ್ಲಿ ಪ್ರತಿದಿನವೂ ಸಭೆ ಸೇರುವುದುಂಟು. ಅದೇ ತಂಡವು ಕೊನೆಯವರೆಗೂ ಬದಲಾಗದೆ ಜವಾಬ್ದಾರಿ ಹೊರುತ್ತದೆ. ನಿದ್ರೆಗೆ, ಗಾಬರಿಗೆ ಹಗುರವಾದ ಔಷಧವನ್ನು ಮೊದಲು ಕೊಟ್ಟು, ಮನೋವಿಕೃತಿಯ ಔಷಧದ ಪ್ರಸ್ತಾಪವನ್ನು ಕನಿಷ್ಠ ಮೂರು ಸಭೆಗಳಲ್ಲಿ ಚರ್ಚಿಸಿದ ಮೇಲೆಯೇ ಆರಂಭಿಸುತ್ತಾರೆ. 2006ರಲ್ಲಿ ಪ್ರಕಟವಾದ ಐದು ವರ್ಷಗಳ ವರದಿಯ ಪ್ರಕಾರ ಮೊದಲ ಸಲ ಚಿತ್ತವಿಕಲತೆಗೊಳಗಾದ ಈ ರೋಗಿಗಳಲ್ಲಿ ಶೇಕಡ 82ರಷ್ಟು ಜನರಲ್ಲಿ ರೋಗಲಕ್ಷಣಗಳು ಉಳಿದಿರಲಿಲ್ಲ, ಶೇಕಡ 86ರಷ್ಟು ಜನ ಓದಿಗೋ ಪೂರ್ಣ ಉದ್ಯೋಗಕ್ಕೋ ಮರಳಿದ್ದರು, ಶೇಕಡ 29ರಷ್ಟು ಜನ ಮಾತ್ರ ಯಾವುದಾದರೊಂದು ಘಟ್ಟದಲ್ಲಿ ಆ ಔಷಧವನ್ನು ಸೇವಿಸಿದ್ದರು. ಗುಂಪು ಸಣ್ಣದು, ಚೀಟಿ ಎತ್ತಿದಂತೆ ಹಂಚಿ ಮಾಡಿದ ಪರೀಕ್ಷೆಯಲ್ಲ, ವರದಿ ಮಾಡಿದವರು ಆ ಕ್ರಮವನ್ನು ಕಟ್ಟಿದವರೇ. ಇವು ನ್ಯಾಯವಾದ ಆಕ್ಷೇಪಗಳು. ಆ ಕೊರತೆಯನ್ನು ತುಂಬಲೆಂದೇ ಇಂಗ್ಲೆಂಡಿನಲ್ಲಿ ದೊಡ್ಡ ಪ್ರಮಾಣದ ಪ್ರಯೋಗವೊಂದನ್ನು ಕೈಗೊಳ್ಳಲಾಯಿತು.

ಸಮಗ್ರತೆಯೆಂಬುದು ದೇಹದಿಂದಲೇ ಆರಂಭವಾಗತಕ್ಕದ್ದು. ಥೈರಾಯ್ಡಿನ ಕೊರತೆ ಖಿನ್ನತೆಯ ವೇಷದಲ್ಲಿ ಬರುತ್ತದೆ. ಬಿ12 ಜೀವಸತ್ತ್ವದ ಅಭಾವವು ಭ್ರಮೆಯನ್ನು ಹುಟ್ಟಿಸಬಲ್ಲದು. ಜೋಳವನ್ನೇ ನಂಬಿದ ದಖ್ಖನಿನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ಎಂಬ ವ್ಯಾಧಿಯನ್ನು 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ವಿವರಿಸಿದ್ದರು, ಆ ವ್ಯಾಧಿಯಲ್ಲಿ ಚರ್ಮ ಕಪ್ಪಿಡುವುದರ ಜೊತೆಗೆ ಬುದ್ಧಿಯೂ ಕದಡುತ್ತದೆ. ಇವುಗಳನ್ನು ಪರೀಕ್ಷಿಸದೆ ಮನಸ್ಸಿನ ಮಾತ್ರೆಯನ್ನು ಬರೆದುಕೊಡುವುದು ಅಪಚಾರವೇ ಸರಿ. ಸೌಮ್ಯವಾದ ಖಿನ್ನತೆ ಆತಂಕಗಳಲ್ಲಂತೂ ಔಷಧರಹಿತ ಕ್ರಮಗಳ ಸಾಮರ್ಥ್ಯ ಈಗ ವಿವಾದಾತೀತವಾಗಿದೆ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು 2022ರಿಂದ ಸೌಮ್ಯ ಖಿನ್ನತೆಯವರಿಗೆ, ಅವರೇ ಬಯಸಿದ ಹೊರತು, ಔಷಧವನ್ನು ವಾಡಿಕೆಯಂತೆ ಮೊದಲ ಚಿಕಿತ್ಸೆಯಾಗಿ ಕೊಡಬಾರದೆನ್ನುತ್ತದೆ. ಜಿಂಬಾಬ್ವೆಯ ಹರಾರೆ ನಗರದಲ್ಲಿ ವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಆರಂಭಿಸಿದ ‘ಗೆಳೆತನದ ಬೆಂಚು’ ಯೋಜನೆಯಲ್ಲಿ ತರಬೇತು ಹೊಂದಿದ ಅಜ್ಜಿಯರು ಚಿಕಿತ್ಸಾಲಯದ ಅಂಗಳದ ಮರದ ಬೆಂಚಿನ ಮೇಲೆ ಕುಳಿತು, ‘ಅತಿಯಾಗಿ ಯೋಚಿಸುವ ಕಾಯಿಲೆ’ ಎಂದು ಅಲ್ಲಿನವರು ಕರೆಯುವ ಸಂಕಟದ ಗಂಟನ್ನು ಒಂದೊಂದಾಗಿ ಬಿಡಿಸಲು ನೆರವಾಗುತ್ತಾರೆ. ಗೋವದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸ್ಥಳೀಯ ಸಾಮಾನ್ಯರಿಗೇ ಶಿಕ್ಷಣವಿತ್ತು ತೀವ್ರ ಖಿನ್ನತೆಯಲ್ಲಿಯೂ ಫಲವನ್ನು ಕಂಡುದು 2017ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಎನ್. ಜಾನಕಿರಾಮಯ್ಯ ಮೊದಲಾದವರು 2000ದಲ್ಲಿ ಪ್ರಕಟಿಸಿದ 45 ರೋಗಿಗಳ ಅಧ್ಯಯನದಲ್ಲಿ, ಉಸಿರಾಟದ ಯೋಗಕ್ರಮವೊಂದು ವಿಷಣ್ಣತೆಯ ಮೇಲೆ ಇಮಿಪ್ರಮಿನ್ ಔಷಧದಷ್ಟೇ ಗುಣ ತೋರಿತು. ವಿದ್ಯುತ್ ಚಿಕಿತ್ಸೆಯಾದರೋ ಇವೆರಡನ್ನೂ ಮೀರಿಸಿತು. ಸ್ಕಿಜೋಫ್ರೇನಿಯದಲ್ಲಿ ಅದೇ ಸಂಸ್ಥೆಯ ಸಂಶೋಧಕರು ಯೋಗವನ್ನು ಔಷಧದ ಬದಲಿಗೆ ಬಳಸದೆ ಅದರ ಜೊತೆಗೆ ಸೇರಿಸಿ ಒಳಿತನ್ನು ಕಂಡರೆಂಬುದನ್ನು ಯೋಗಪಕ್ಷಪಾತಿಗಳು ಗಮನಿಸಬೇಕು.

ಭಾರತದ ವಿಶಿಷ್ಟ ಕಾಣಿಕೆ ಕುಟುಂಬವೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಾಧಿಕಾರಿ ವಿದ್ಯಾಸಾಗರ್, ಬಂಧುಗಳನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸುವ ಪದ್ಧತಿಯನ್ನು ಬಿಟ್ಟು, ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿದನು. ವೆಲ್ಲೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಈ ಪದ್ಧತಿ ಬೇರೂರಿತು. ‘ರೋಗಿಯ ಕಡೆಯವರು’ ಯಾರಾದರೂ ಒಬ್ಬರು ಜೊತೆಗಿರಬೇಕೆಂಬುದು ಇಂದು ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಇದನ್ನು ಒಮ್ಮೆ ಯಾರೋ ಯೋಚಿಸಿ ತಂದರೆಂಬುದೇ ಮರೆತುಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 1960ರ ದಶಕದ ಕೊನೆಯಲ್ಲಿ ಒಂಬತ್ತು ಕೇಂದ್ರಗಳಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಆಗ್ರಾದ ರೋಗಿಗಳ ಚೇತರಿಕೆ ಶ್ರೀಮಂತ ದೇಶಗಳವರಿಗಿಂತ ಉತ್ತಮವಾಗಿ ಕಂಡುದಕ್ಕೆ ಈ ಬಂಧುತ್ವವೇ ಕಾರಣವೆಂದು ಹಲವರು ಊಹಿಸಿದರು. ವಾದವು ಇನ್ನೂ ಮುಗಿದಿಲ್ಲ. ಆದರೆ ಬಂಧುತ್ವವನ್ನು ಮಾತ್ರ ನಂಬಿ ಔಷಧವನ್ನು ಕೈಬಿಡಬಹುದೆಂಬ ಅನುಮಾನಕ್ಕೆ ಕನ್ನಡನಾಡಿನಲ್ಲಿಯೇ ಉತ್ತರ ದೊರೆತಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮನೆಮನೆಗಳಿಂದ ಗುರುತಿಸಿದ ಸ್ಕಿಜೋಫ್ರೇನಿಯ ರೋಗಿಗಳನ್ನು ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಅನುಸರಿಸಿ ನೋಡಿದಾಗ, ಔಷಧ ಪಡೆದವರ ಅಸಾಮರ್ಥ್ಯವು ತಗ್ಗಿತೆಂದೂ, ಪಡೆಯದವರದು ಹಾಗೆಯೇ ಉಳಿಯಿತೆಂದೂ 2009ರ ವರದಿ ತಿಳಿಸಿತು. ಅಲ್ಲಿ ಔಷಧವಿಲ್ಲದವರಿಗೆ ಟೋರ್ನಿಯೋದ ತಂಡವೂ ಇರಲಿಲ್ಲ. ಔಷಧವೂ ಇಲ್ಲದೆ ಆರೈಕೆಯೂ ಇಲ್ಲದೆ ಹೋದಾಗ ಆಗುವ ಘೋರವನ್ನು ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದೇಶವೇ ಕಂಡಿತು: ದರ್ಗಾದ ಸಮೀಪದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ಇಪ್ಪತ್ತೈದಕ್ಕೂ ಹೆಚ್ಚು ಜನ ಓಡಲಾರದೆ ಸುಟ್ಟುಹೋದರು.

ಈಗಾಗಲೇ ಔಷಧ ಸೇವಿಸುತ್ತಿರುವವರು ಅದನ್ನು ತಗ್ಗಿಸಿಕೊಳ್ಳುವುದು ಬೇರೆಯೇ ಪ್ರಶ್ನೆ. ಹೆಚ್ಚಿನ ಎಚ್ಚರವನ್ನು ಬೇಡುವ ಪ್ರಶ್ನೆಯೂ ಅದೇ. ನೆದರ್ಲೆಂಡ್ಸಿನ ಲೆಕ್ಸ್ ವುಂಡೆರಿಂಕ್ 2013ರಲ್ಲಿ ಪ್ರಕಟಿಸಿದ, 103 ಜನರ ಏಳು ವರ್ಷಗಳ ಅಧ್ಯಯನದಲ್ಲಿ, ಆರಂಭದಲ್ಲಿಯೇ ಪ್ರಮಾಣವನ್ನು ತಗ್ಗಿಸಲು ಯತ್ನಿಸಿದವರಲ್ಲಿ ಶೇಕಡ 40ರಷ್ಟು, ಎಡೆಬಿಡದೆ ಸೇವಿಸಿದವರಲ್ಲಿ ಶೇಕಡ 18ರಷ್ಟು ಜನ ಪೂರ್ಣ ಚೇತರಿಸಿಕೊಂಡರು. ಆದರೆ ಬಹುಕಾಲದ ರೋಗಿಗಳಲ್ಲಿ ಜೊಆನ ಮೊಂಕ್ರೀಫ್ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗವು, ಎರಡು ವರ್ಷಗಳಲ್ಲಿ ತೀವ್ರ ಮರುಕಳಿಕೆಯು ಔಷಧವನ್ನು ತಗ್ಗಿಸಿದವರಲ್ಲಿ ಶೇಕಡ 25, ತಗ್ಗಿಸದವರಲ್ಲಿ ಶೇಕಡ 13 ಎಂದೂ, ಸಾಮಾಜಿಕ ಬಾಳ್ವೆಯಲ್ಲಿ ಎರಡು ಗುಂಪಿಗೂ ಭೇದವಿಲ್ಲವೆಂದೂ ಕಂಡಿತು. ಔಷಧವನ್ನು ತಗ್ಗಿಸಬೇಕೆಂಬ ಪಕ್ಷದಲ್ಲಿ ಹೆಸರಾದ ವೈದ್ಯೆಯೇ ತನ್ನ ನಿರೀಕ್ಷೆಗೆ ಪ್ರತಿಕೂಲವಾದ ಫಲವನ್ನು ಮರೆಮಾಚದೆ ಪ್ರಕಟಿಸಿದುದು ಮೆಚ್ಚತಕ್ಕ ವಿಚಾರ. ತಗ್ಗಿಸುವ ಗತಿಯೂ ಮುಖ್ಯವಾದುದೇ. ದೊಡ್ಡ ಪ್ರಮಾಣವನ್ನು ಅರ್ಧಕ್ಕಿಳಿಸಿದರೂ ಮಿದುಳಿನ ಗ್ರಾಹಿಗಳಲ್ಲಿ ಬಿಡುಗಡೆಯಾಗುವುವು ಕೆಲವೇ. ಕಟ್ಟಕಡೆಯ ಕಾಲು ಮಾತ್ರೆಯನ್ನು ಬಿಟ್ಟಾಗ ಬಿಡುಗಡೆಯಾಗುವುವು ಬಹಳ. ಆದಕಾರಣ ಕೊನೆಕೊನೆಯ ಇಳಿತಗಳು ಅತಿ ಸಣ್ಣವಾಗಿ, ತಿಂಗಳುಗಟ್ಟಲೆ ಅಂತರದಲ್ಲಿ, ಕೆಲವರಲ್ಲಿ ವರ್ಷಗಳ ಕಾಲ, ವೈದ್ಯರ ಮತ್ತು ಮನೆಯವರ ಕಣ್ಣಿನೆದುರಿನಲ್ಲಿಯೇ ನಡೆಯಬೇಕು. ತಾನಾಗಿ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೂ ಸಂಚಕಾರ ತರಬಹುದು. ಉನ್ಮಾದ ಖಿನ್ನತೆಗಳು ಸರದಿಯಂತೆ ಬರುವವರಲ್ಲಿ ಲಿಥಿಯಂ ಆತ್ಮಹತ್ಯೆಯನ್ನು ತಡೆಯುವಲ್ಲಿ ತೋರುವ ಗುಣಕ್ಕೂ, ಬೇರಾವ ಔಷಧಕ್ಕೂ ಜಗ್ಗದವರಲ್ಲಿ ಕ್ಲೊಜಪೀನ್ ತೋರುವ ಗುಣಕ್ಕೂ ಸಾಟಿಯಾದ ಔಷಧರಹಿತ ಉಪಾಯವು ಇನ್ನೂ ದೊರೆತಿಲ್ಲ.

ಸರ್ಕಾರಗಳೂ ಈಚೆಗೆ ಈ ಕಡೆ ಗಮನ ಹರಿಸಿವೆ. ರೋಗಿಸಂಘಗಳ ಒತ್ತಾಯಕ್ಕೆ ಕಿವಿಗೊಟ್ಟ ನಾರ್ವೆಯು 2015ರಲ್ಲಿ ತನ್ನ ಪ್ರಾಂತೀಯ ಆರೋಗ್ಯ ಮಂಡಳಿಗಳಿಗೆ ಔಷಧರಹಿತ ಚಿಕಿತ್ಸೆಯ ಅವಕಾಶವನ್ನು ಕಲ್ಪಿಸುವಂತೆ ಆದೇಶಿಸಿತು. 2017ರ ಆರಂಭದಲ್ಲಿ ಟ್ರೊಮ್ಸೊ ನಗರದಲ್ಲಿ ಆರು ಹಾಸಿಗೆಗಳ ವಿಭಾಗವೊಂದು ತೆರೆಯಿತು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಯಾವ ಬಗೆಯಲ್ಲಿಯೂ ಸರಪಳಿ ಹಾಕುವುದನ್ನು ನಿಷೇಧಿಸಿ, ಮುಂದೆಂದಾದರೂ ತಾನು ವಿವೇಚನೆಯನ್ನು ಕಳೆದುಕೊಂಡರೆ ಯಾವ ಚಿಕಿತ್ಸೆ ತನಗೆ ಬೇಕು, ಯಾವುದು ಬೇಡ ಎಂಬುದನ್ನು ಪ್ರತಿಯೊಬ್ಬ ವಯಸ್ಕನೂ ಸ್ವಸ್ಥನಾಗಿರುವಾಗಲೇ ಮುಂಗಡ ನಿರ್ದೇಶದ ರೂಪದಲ್ಲಿ ಬರೆದಿಡುವ ಹಕ್ಕನ್ನು ಕೊಟ್ಟಿದೆ. ತುರ್ತು ಚಿಕಿತ್ಸೆಯ ಸಂದರ್ಭಕ್ಕೆ ಈ ನಿರ್ದೇಶವು ಅನ್ವಯಿಸದು. ಉಳಿದೆಡೆ ವೈದ್ಯರಾಗಲಿ ಬಂಧುಗಳಾಗಲಿ ಅದನ್ನು ಅನುಸರಿಸಲೊಲ್ಲದಿದ್ದರೆ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಯ ಮುಂದೆ ಅರ್ಜಿ ಸಲ್ಲಿಸಿ, ಅದರ ತೀರ್ಮಾನವನ್ನು ಪಡೆಯಬೇಕಾಗುತ್ತದೆ.